ಬಾಖ್, ಫ್ರಾಂಕ್, ಬ್ರಾಮ್ಸ್: ಮನೆಯಲ್ಲಿ ಕೇಳಲು ಯಾವುದು?

ಚರ್ಚ್ ಸಂಗೀತವನ್ನು ಬಾಖ್ ಕಾಲದ ಬರೋಕ್ ಶೈಲಿಯಿಂದ ಶುರು ಮಾಡಬೇಕಾ, ಫ್ರಾಂಕ್, ಬ್ರಾಮ್ಸ್‌ರ 19ನೇ ಶತಮಾನದ ರೊಮ್ಯಾಂಟಿಕ್‌ನಿಂದಲಾ ಎಂದು ಗೆಳೆಯರು ಕೇಳುತ್ತಿರುತ್ತಾರೆ. ಎರಡನ್ನೂ ಜೋಡಿ ಜೋಡಿಯಾಗಿ ಕೇಳಿ ನೋಡಿದೆ. ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಚರ್ಚಿನ ಆರ್ಗನ್ ಆದರೆ ಕಣ್ಣುಮುಚ್ಚಿ ಬಾಖ್. ಕೋರಸ್ ವಿಷಯಕ್ಕೆ ಬಂದರೆ ಅಷ್ಟು ಸುಲಭವಿಲ್ಲ.

ಬಾಖ್‌ನ ಸಿ ಮೈನರ್ ಪಾಸಕಾಲಿಯಾವನ್ನು ಹ್ಯಾಂಬರ್ಗ್‌ನ ಸೇಂಟ್ ಜಾಕೋಬಿ ಚರ್ಚಿನ ಆರ್ಗನ್‌ನಲ್ಲಿ ಕೇಳಿದೆ. ಷ್ನಿಟ್ಗರ್ 1693ರಲ್ಲಿ ಕಟ್ಟಿ ಮುಗಿಸಿದ ವಾದ್ಯ ಅದು. ಮೊದಲು ಎಂಟು ಬಾರ್‌ಗಳ (ತಾಳದ ಆವರ್ತಗಳ ಹಾಗೆ) ಒಂದು ಧಾಟಿ, ಬರೀ ಕಾಲಿನ ಪೆಡಲ್‌ನಲ್ಲಿ. ಆಮೇಲೆ ಅದನ್ನೇ ಹಿಡಿದು 20 ವೇರಿಯೇಶನ್‌ಗಳು, ಕೊನೆಗೆ ಫ್ಯೂಗ್, ಅಂದರೆ ಒಂದೇ ಧಾಟಿಯನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ. ಕೀರ್ತನೆಯ ಪಲ್ಲವಿ ಹಾಗೆ ಆ ಧಾಟಿ ಕೈಬಿಡದೆ ನಡೆಸಿಕೊಂಡು ಹೋಗುತ್ತದೆ. ಸ್ವರಗಳು ಎಷ್ಟು ಬಿಡಿಬಿಡಿ ಎಂದರೆ, ಸಾಧಾರಣ ಇಯರ್‌ಫೋನ್‌ನಲ್ಲೂ ಎಲ್ಲಿದ್ದೇವೆ ಅಂತ ತಪ್ಪುವುದಿಲ್ಲ.

ಸೀಸರ್ ಫ್ರಾಂಕ್ ಆರ್ಗನ್‌ಗೆ ಬರೆದ ಮೂರನೇ 'ಕೋರಾಲ್' 1890ರದ್ದು, ಆತ ತೀರಿಕೊಂಡ ವರ್ಷ. ಕೇಳಿದ್ದು ಫ್ರಾನ್ಸಿನ ರುವಾನ್‌ನ ಸೇಂಟ್-ಊಆಂ ಚರ್ಚಿನ ಆರ್ಗನ್‌ನಲ್ಲಿ. ಕವಾಯೆ-ಕೋಲ್ ಕಟ್ಟಿದ ಅದೂ 1890ರದ್ದೇ. ಇಲ್ಲಿ ಕೆಲವು ಕೊಳವೆಗಳು ಮರದ ಪೆಟ್ಟಿಗೆಯೊಳಗೆ ಇರುತ್ತವೆ. ನುಡಿಸುವವರು ಕಾಲಿನಿಂದ ಅದರ ಪಟ್ಟಿಗಳನ್ನು ತೆರೆದಂತೆ ದನಿ ಮೆಲ್ಲಗೆ ಉಬ್ಬುತ್ತದೆ. ನಡುವಿನ ನಿಧಾನ ಭಾಗ ಸೊಗಸಾಗಿದೆ. ಆದರೆ ಬಸ್ಸಿನಲ್ಲಿ ಕೇಳಲು ಹೋದರೆ ಮೆಲುದನಿ ಕೇಳಿಸುವುದೇ ಇಲ್ಲ. ವಾಲ್ಯೂಮ್ ಏರಿಸಿದ್ದೇ ತಡ, ಜೋರು ಭಾಗ ಬಂದು ಕಿವಿ ಹರಿಯುತ್ತದೆ. ಒಳ್ಳೆಯ ಸ್ಪೀಕರ್, ಖಾಲಿ ಮನೆ ಇದ್ದರೆ ಮಾತ್ರ ಇದು.

ಕೋರಸ್‌ಗೆ ಸಾವಿನ ಸಂಗೀತವನ್ನೇ ಆರಿಸಿಕೊಂಡೆ. ಬಾಖ್‌ನ ಚರ್ಚ್ ಹಾಡುಗಳ ರಚನೆ 'ಆಕ್ಟುಸ್ ಟ್ರಾಜಿಕುಸ್' ಸುಮಾರು 20 ನಿಮಿಷ. ವಾದ್ಯಗಳೆಂದರೆ ಎರಡು ರೆಕಾರ್ಡರ್ (ಒಂದು ಬಗೆಯ ಕೊಳಲು), ಎರಡು ವಿಯೋಲಾ ದ ಗಾಂಬಾ (ಕಮಾನಿನಿಂದ ನುಡಿಸುವ ತಂತಿವಾದ್ಯ), ಜೊತೆಗೆ ಆರ್ಗನ್‌ನ ಆಸರೆ, ಅಷ್ಟೇ. ನಡುವೆ ಒಂದು ಜಾಗ ಇದೆ. ಕೆಳಗಿನ ಮೂರು ದನಿಗಳು 'ಮನುಷ್ಯಾ, ನೀನು ಸಾಯಲೇಬೇಕು' ಎನ್ನುತ್ತಿರುತ್ತವೆ. ಮೇಲೆ ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಎತ್ತರದ ದನಿ, 'ಬಾ, ಯೇಸುವೇ' ಎಂದು ಕರೆಯುತ್ತದೆ. ಒಂದೊಂದಾಗಿ ಎಲ್ಲವೂ ನಿಂತು ಆ ದನಿ ಒಂದೇ ಉಳಿಯುತ್ತದೆ. ಇದನ್ನು ಬರೆದಾಗ ಬಾಖ್‌ಗೆ 22ರ ಆಸುಪಾಸು ಎನ್ನುತ್ತಾರೆ. ನಂಬೋಕಾಗುತ್ತಾ?

ಬ್ರಾಮ್ಸ್‌ನ 'ಜರ್ಮನ್ ರೆಕ್ವಿಯಂ' ಒಂದು ಗಂಟೆಗೂ ಜಾಸ್ತಿ. ರೆಕ್ವಿಯಂ ಎಂದರೆ ಸತ್ತವರಿಗಾಗಿ ಮಾಡುವ ಪೂಜೆಯ ಸಂಗೀತ. 1868ರ ಗುಡ್ ಫ್ರೈಡೇ ದಿನ ಬ್ರೆಮೆನ್ ಕ್ಯಾಥೆಡ್ರಲ್‌ನಲ್ಲಿ ಹಾಡಿದಾಗ ಆರೇ ಭಾಗ ಇದ್ದವು. ಸೊಪ್ರಾನೊ ಹಾಡುವ ಐದನೇ ಭಾಗ ಆಮೇಲೆ ಸೇರಿದ್ದು. ಲ್ಯಾಟಿನ್ ಪೂಜೆಯ ಪಠ್ಯ ಇದರಲ್ಲಿಲ್ಲ. ಲೂಥರ್ ಬೈಬಲ್‌ನಿಂದ ಬ್ರಾಮ್ಸ್ ತಾನೇ ಆರಿಸಿದ ಸಾಲುಗಳು. ಎರಡನೇ ಭಾಗದಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿಯ ಬಡಿತದ ಮೇಲೆ ಕೋರಸ್ ತಗ್ಗಿದ ದನಿಯಲ್ಲಿ 'ಮನುಷ್ಯರೆಲ್ಲ ಹುಲ್ಲಿನ ಹಾಗೆ' ಎನ್ನುತ್ತದೆ. ಮತ್ತೆ ಅದನ್ನೇ ಗಟ್ಟಿಯಾಗಿ. ಮೈ ಜುಮ್ಮೆನ್ನುತ್ತದೆ. ಆದರೆ ಮೂರನೇ ಭಾಗದ ಕೊನೆಯ ಫ್ಯೂಗ್‌ನಲ್ಲಿ ಆರ್ಕೆಸ್ಟ್ರಾ ದಟ್ಟವಾಗಿ, ಒಂದು ಮಾತೂ ತಿಳಿಯುವುದಿಲ್ಲ.

ಹೊಸಬರಿಗೆ ನಾನು ಬ್ರಾಮ್ಸ್ ಕೊಡುತ್ತೇನೆ, ಅದೂ ಎರಡನೇ ಮತ್ತು ನಾಲ್ಕನೇ ಭಾಗ ಮಾತ್ರ. ಹಿಡಿಸಿದರೆ ಪೂರ್ತಿ ಕೇಳಲಿ. ನನ್ನ ಫೋನ್‌ನಲ್ಲಿ ಸದ್ಯ ಉಳಿದಿರುವುದು ಪಾಸಕಾಲಿಯಾ ಮತ್ತು ಆಕ್ಟುಸ್ ಟ್ರಾಜಿಕುಸ್. ಫ್ರಾಂಕ್ ಭಾನುವಾರಕ್ಕೆ, ಅದೂ ಪಕ್ಕದ ಮನೆಯವರು ಊರಿಗೆ ಹೋಗಿದ್ದರೆ.