ನಾಲ್ಕು ಮಳೆಗಾಲ ಕಂಡ ಇಂಪ್ಯಾಕ್ಟ್ ಡ್ರೈವರ್

ಇಂಪ್ಯಾಕ್ಟ್ ಡ್ರೈವರ್ ಅಂದರೆ ಕಚ್ಚಿಕೊಂಡ ಸ್ಕ್ರೂ ಬಿಚ್ಚುವ ಸಾಧನ. ನನ್ನದು ಕರೆಂಟಿನದ್ದಲ್ಲ, ಸುತ್ತಿಗೆಯಿಂದ ಹೊಡೆಯುವಂಥದ್ದು. ಮಂಗಳೂರಿನ ಬಂದರಿನ ಅಂಗಡಿಯೊಂದರಲ್ಲಿ 650 ರೂಪಾಯಿ ಕೊಟ್ಟು ತಂದೆ. ದೊಡ್ಡಪ್ಪನ ಯೆಜ್ಡಿ ರೋಡ್‌ಕಿಂಗ್ ಬಿಚ್ಚಲೇಬೇಕಿತ್ತು, ಅದಕ್ಕೆ.

ಬೈಕು ಮಲ್ಪೆಯ ಮನೆಯ ಹಿಂದೆ ಹನ್ನೊಂದು ವರ್ಷ ಸೌದೆಯ ಪಕ್ಕ ನಿಂತಿತ್ತು. ಮೇಲಿಂದ ಕಡಲಿನ ಉಪ್ಪುಗಾಳಿ. ಇಂಜಿನ್ನಿನ ಅಲ್ಯೂಮಿನಿಯಂ ಕವರು, ಉಕ್ಕಿನ ಸ್ಕ್ರೂ, ನಡುವೆ ಉಪ್ಪುನೀರು; ಬಿಳಿ ಪುಡಿ ಕಟ್ಟಿ ಎರಡೂ ಕಚ್ಚಿಕೊಂಡಿದ್ದವು. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್ ಅಲ್ವಾ, ಅದರ ಮೇಲೆ ನಿಂತು ಕುಣಿದರೂ ಇಂಜಿನ್ ಅಲ್ಲಾಡಲಿಲ್ಲ.

ಮೊದಲ ಎರಡು ಸ್ಕ್ರೂಗಳ ತಲೆಯನ್ನು ಸಾದಾ ಸ್ಕ್ರೂಡ್ರೈವರಿನಲ್ಲಿ ನಾನೇ ಕೆಡಿಸಿದೆ. ಬಲ ಹಾಕಿದಷ್ಟೂ ತುದಿ ಜಾರಿ ಮೇಲೆ ಬರುತ್ತದೆ. ಇಂಪ್ಯಾಕ್ಟ್ ಡ್ರೈವರಿನಲ್ಲಿ ಹಾಗಾಗುವುದಿಲ್ಲ. ಸುತ್ತಿಗೆಯ ಏಟು ತುದಿಯನ್ನು ಸ್ಕ್ರೂವಿನ ಸೀಳಿಗೆ ಒತ್ತಿ ಹಿಡಿಯುತ್ತದೆ, ಅದೇ ಏಟಿಗೆ ಚೂರು ತಿರುಗಿಸುತ್ತದೆ ಕೂಡ. ಹೊಡೆಯುವ ಮೊದಲು ಹಿಡಿಯನ್ನು ಎಡಕ್ಕೆ ತಿರುಗಿಸಿ ಬಿಗಿಯಾಗಿ ಹಿಡಿದಿರಬೇಕು. ಸಣ್ಣ ಸುತ್ತಿಗೆಯಲ್ಲಿ ಟಕಟಕ ಬಡಿದು ಪ್ರಯೋಜನವಿಲ್ಲ. ಒಂದು ಕೆಜಿಯದ್ದು, ಒಂದೇ ಏಟು. ಕಟ್ ಅಂತ ಒಣ ಸದ್ದು ಬಂದು ಅಂಚಿನಲ್ಲಿ ಬಿಳಿ ಪುಡಿ ಉದುರಿತೆಂದರೆ ಸ್ಕ್ರೂ ಬಿಟ್ಟಿತು ಅಂತಲೇ ಲೆಕ್ಕ.

ಹಾಗಂತ ಎಲ್ಲ ಇದರದೇ ಕೈಚಳಕ ಅಲ್ಲ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದೆ. ಹೊಡೆಯುವ ಮುಂಚೆ ಬಚ್ಚಲಿನ ಹಂಡೆಯಿಂದ ಕುದಿನೀರು ತಂದು ಕವರಿನ ಮೇಲೆ ಸುರಿದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಸ್ಕ್ರೂ ಕೂತ ಮರೆ (ಥ್ರೆಡ್) ಸಡಿಲವಾಗುತ್ತದೆ. ದೊಡ್ಡಮ್ಮ ಮಾತ್ರ ಇಡೀ ದಿನ ಬೈದರು.

ಸಿಲಿಂಡರಿನೊಳಗೆ ಕಚ್ಚಿಕೊಂಡಿದ್ದ ಪಿಸ್ಟನ್‌ಗೆ ಈ ಡ್ರೈವರ್ ಬೇಡವೇ ಬೇಡ. ಸಿಲಿಂಡರಿನ ಮುಚ್ಚಳ (ಹೆಡ್) ಬಿಚ್ಚಿ, ಡೀಸೆಲ್ ಮತ್ತು ಗೇರ್ ಎಣ್ಣೆ ಬೆರೆಸಿ ಒಳಗೆ ಸುರಿದು ಕಾದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದು ತಾಪತ್ರಯ ಇದೆ: ಪಿಸ್ಟನ್ ಕೆಳಗೆ ನಿಂತಿದ್ದರೆ ಸುರಿದದ್ದೆಲ್ಲ ಸಿಲಿಂಡರಿನ ಗೋಡೆಯ ಕಿಂಡಿಗಳಿಂದ (ಪೋರ್ಟ್) ಸೋರಿಹೋಗುತ್ತದೆ. ನಮ್ಮದು ಪುಣ್ಯಕ್ಕೆ ಮೇಲೆ ನಿಂತಿತ್ತು. ಒಂಬತ್ತನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಆಡಿಸಿದಾಗ ಕೂದಲೆಳೆಯಷ್ಟು ಕದಲಿತು.

ಡ್ರೈವರಿನ ದೂರು ಒಂದೇ. ಜೊತೆಗೆ ಬಂದ ಬಿಟ್‌ಗಳು (ಸ್ಕ್ರೂವಿನ ಸೀಳಿಗೆ ಕೂರುವ ತುಂಡುಗಳು) ಕಳಪೆ, ಎರಡನೇ ವಾರಕ್ಕೇ ಒಂದರ ತುದಿ ಚಕ್ಕೆ ಎದ್ದು ಹಾರಿತು. ಕನ್ನಡಕ ಹಾಕಿದ್ದೆ, ಬಚಾವಾದೆ. ಒಳ್ಳೆಯ ಬಿಟ್ ಬೇರೆಯೇ ಕೊಂಡೆ. ಡ್ರೈವರ್ ಇವತ್ತಿಗೂ ಗಟ್ಟಿ. ಪ್ರತಿ ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಒಮ್ಮೆ ಬಿಚ್ಚಿ ಗ್ರೀಸ್ ಹಾಕಿ ಇಡುತ್ತೇನೆ, ಇಲ್ಲದಿದ್ದರೆ ಅದಕ್ಕೇ ತುಕ್ಕು.

ಕೆಟ್ಟ ಎರಡು ಸ್ಕ್ರೂಗಳ ಜಾಗಕ್ಕೆ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವಂಥದ್ದು) ಹಾಕಿದ್ದೇನೆ. ಬೈಕು ಸ್ಟಾರ್ಟ್ ಆದ ದಿನ ದೊಡ್ಡಪ್ಪ ನೋಡಿದ್ದು ಅದನ್ನೇ. "ಇದು ಎಲ್ಲಿಂದ ಬಂತು ಮಾರಾಯ?"