ಔಟ್‌ಬೋರ್ಡ್ ಇಂಜಿನಿನ ಗೇರು ಬಿಗಿಯಾದಾಗ: ಹಳೆಯ ಕೇಬಲ್, ಹೊಸ ಕೇಬಲ್, ಟಿಲ್ಲರ್ ಮತ್ತು ಗೇರ್ ಬಾಕ್ಸ್

ಕಾಸರಗೋಡು ಜಿಲ್ಲೆಯ ಶಿರಿಯ ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಮಳೆಗಾಲದ ನೀರು ನುಗ್ಗಿ ಹರಿಯುತ್ತಿರುವಾಗ, ಎದುರಿನಿಂದ ತೆರೆ ಏಳುತ್ತಿರುವಾಗ, ದೋಣಿಯ ಗೇರು ಕೈಗೆ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು 2022ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಾನು ಕಂಡೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುವುದರಿಂದ ದೊಡ್ಡ ಬೋಟುಗಳು ದಡದಲ್ಲಿರುತ್ತವೆ. ನಮ್ಮಂಥ ನಾಡದೋಣಿಯವರಿಗೆ ನಾಲ್ಕು ಕಾಸು ಕಾಣುವ ಕಾಲವೂ ಅದೇ, ಅಳಿವೆಯನ್ನು ನಂಬಲಾಗದ ಕಾಲವೂ ಅದೇ. ಆ ಬೆಳಗ್ಗೆ ಮರಳ ದಿಣ್ಣೆಯ ಬಳಿ ನ್ಯೂಟ್ರಲಿನಿಂದ ಮುಂದಕ್ಕೆ ಹಾಕಲು ಹೋದಾಗ ಹಿಡಿ ಅರ್ಧದಲ್ಲೇ ನಿಂತಿತು. ಬಲ ಹಾಕಿ ತಳ್ಳಿದ ಮೇಲೆ ಗೇರು ಕಟ್ಟೆಂದು ಕೂತಿತಾದರೂ ಅಷ್ಟರಲ್ಲಿ ದೋಣಿ ತೆರೆಗೆ ಅಡ್ಡವಾಗಿ, ಎರಡು ಬುಟ್ಟಿ ಬಂಗುಡೆಯೂ ಕಂತಬಲೆಯ ಒಂದು ತುಂಡೂ ನೀರುಪಾಲಾದವು. ಜೀವಕ್ಕೆ ಏನೂ ಆಗಲಿಲ್ಲ.

ದಡಕ್ಕೆ ಬಂದು ತೋರಿಸಿದಾಗ ಒಂದು ವರ್ಕ್‌ಶಾಪಿನವರು ಇಂಜಿನಿನ ಮುಚ್ಚಳವನ್ನೂ ತೆಗೆಯದೆ, ಗೇರ್ ಬಾಕ್ಸ್ ಹೋಗಿದೆ, ಒಳಗಿನ ಸೆಟ್ಟನ್ನೇ ಬದಲಿಸಬೇಕು ಎಂದರು. ಅವರ ಮಾತು ಕೇಳಿ ಅಂದೇ ಹಣ ಕೊಟ್ಟಿದ್ದರೆ ಹೊಸ ಗೇರು ಹಾಕಿದ ಮೇಲೂ ಹಿಡಿ ಅಷ್ಟೇ ಬಿಗಿಯಾಗಿರುತ್ತಿತ್ತು. ಆಮೇಲಿನ ಎರಡು ವರ್ಷಗಳಲ್ಲಿ ನಾನು ಮಾಡಿ ನೋಡಿದ ಉಪಾಯಗಳನ್ನು ಪಕ್ಕಪಕ್ಕದಲ್ಲಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ನನ್ನ ದೊಡ್ಡ ದೋಣಿ 24 ಅಡಿಯ ಫೈಬರ್ ದೋಣಿ. ಅದರ ಹಿಂಬದಿಯ ಹೊರಗೆ ತೂಗುಹಾಕಿದ 40 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನು, ಮಧ್ಯದಲ್ಲಿ ಗೇರಿನ ಹಿಡಿಯಿರುವ ಕಂಟ್ರೋಲ್ ಬಾಕ್ಸ್, ಅಲ್ಲಿಂದ ಹಿಂದಿನ ಇಂಜಿನಿಗೆ ಎರಡು ಕೇಬಲ್‌ಗಳು: ಒಂದು ಗೇರಿಗೆ, ಇನ್ನೊಂದು ವೇಗಕ್ಕೆ. ಹೊಳೆಯಲ್ಲಿ ಮರುವಾಯಿ (ಚಿಪ್ಪುಮೀನು) ತೆಗೆಯಲು ಬಳಸುವ ಸಣ್ಣ ದೋಣಿಗೆ 9.9 ಅಶ್ವಶಕ್ತಿಯ ಇಂಜಿನಿದ್ದು, ಅದರ ಗೇರಿನ ಹಿಡಿ ಇಂಜಿನಿನ ಮೈಮೇಲೆಯೇ ಇದೆ.

ಹೋಲಿಕೆ ಎಂದ ಮೇಲೆ ಅಳತೆ ಬೇಕು. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹಿಡಿಯ ತುದಿಗೆ ಸಿಕ್ಕಿಸಿ, ನ್ಯೂಟ್ರಲಿನಿಂದ ಮುಂದಿನ ಗೇರಿಗೆ ಬರಲು ಎಷ್ಟು ಕಿಲೋ ಎಳೆತ ಬೇಕೆಂದು ಪ್ರತಿ ಬಾರಿಯೂ ನೋಡಿಕೊಂಡೆ. ಈ ಕೆಲಸಕ್ಕೆ ಇಂಜಿನು ನಿಂತಿರಬೇಕು, ಇಂಜಿನನ್ನು ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಕಳಚಿರಬೇಕು, ಸ್ಪಾರ್ಕ್ ಪ್ಲಗ್ಗಿನ ವಯರುಗಳನ್ನೂ ತೆಗೆದಿರಬೇಕು. ಏಕೆಂದರೆ ಇನ್ನೊಬ್ಬರ ಕೈ ಪ್ರೊಪೆಲ್ಲರಿನ ಮೇಲಿರುತ್ತದೆ. ಕೈ ಅಲ್ಲಿರಬೇಕಾದ ಕಾರಣವನ್ನು ತಿಳಿಯದೆ ಎಷ್ಟೋ ಮಂದಿ ಸರಿಯಾಗಿರುವ ಗೇರನ್ನು ಕೆಟ್ಟಿದೆ ಎನ್ನುತ್ತಾರೆ. ಇಂಜಿನಿನಿಂದ ಇಳಿದು ಬರುವ ಶಾಫ್ಟಿನ ತುದಿಯಲ್ಲಿರುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ, ದೋಣಿಯನ್ನು ಮುಂದಕ್ಕೆ ಒಯ್ಯುವ ಮುಂದಿನ ಗೇರನ್ನೂ ಹಿಂದಕ್ಕೆ ಒಯ್ಯುವ ಹಿಂದಿನ ಗೇರನ್ನೂ ಯಾವಾಗಲೂ ಒಟ್ಟಿಗೆ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿಸುತ್ತಿರುತ್ತದೆ. ಅವೆರಡರ ನಡುವೆ ಪ್ರೊಪೆಲ್ಲರಿನ ಶಾಫ್ಟಿನ ಮೇಲೆ ಜಾರುವ ಡಾಗ್ ಕ್ಲಚ್ ಎಂಬ ಬಿಲ್ಲೆ ಯಾವ ಗೇರಿನ ಹಲ್ಲಿಗೆ ಹೋಗಿ ಕೂರುತ್ತದೆಯೋ ಆ ದಿಕ್ಕಿಗೆ ದೋಣಿ ಸಾಗುತ್ತದೆ. ಇಂಜಿನು ನಿಂತಿರುವಾಗ ಬಿಲ್ಲೆಯ ಹಲ್ಲು ಗೇರಿನ ಹಲ್ಲಿಗೆ ಮುಖಾಮುಖಿಯಾಗಿ ನಿಂತುಬಿಟ್ಟರೆ ಎಷ್ಟು ತಳ್ಳಿದರೂ ಕೂರುವುದಿಲ್ಲ. ಪ್ರೊಪೆಲ್ಲರನ್ನು ಕೈಯಿಂದ ಸ್ವಲ್ಪ ತಿರುಗಿಸಿದರೆ ತಾನೇ ಕೂರುತ್ತದೆ. ಅದು ದೋಷವಲ್ಲ.

ಹಳೆಯ ಕೇಬಲಿನೊಂದಿಗೆ ಹಿಡಿಗೆ ಬೇಕಾದ ಎಳೆತ 9 ಕಿಲೋ. ಕಾಸರಗೋಡಿನಿಂದ ಬಂದ ವಯಸ್ಸಾದ ಮೇಸ್ತ್ರಿಯೊಬ್ಬರು, ಮಲಯಾಳ ಬೆರೆತ ಕನ್ನಡದಲ್ಲಿ, ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿತ್ತು: “ಅಣ್ಣಾ, ಕೇಬಲಿನ ತುದಿ ಕಳಚಿ ನೋಡಿದ್ದೀರಾ?” ಇಂಜಿನಿನ ಬದಿಯಲ್ಲಿ ಕೇಬಲಿನ ತುದಿಯನ್ನು ಹಿಡಿದಿರುವ ಕ್ಲಿಪ್ಪನ್ನು ತೆಗೆದು, ಕೇಬಲನ್ನು ಬೇರ್ಪಡಿಸಿ, ಇಂಜಿನಿನ ಮೇಲಿನ ಲಿವರನ್ನು ಮಾತ್ರ ಎಳೆದಾಗ ತಕ್ಕಡಿ 2 ಕಿಲೋ ತೋರಿಸಿತು. ಇನ್ನೊಂದು ಬದಿಯಲ್ಲಿ, ಏನನ್ನೂ ಎಳೆಯಬೇಕಾಗಿಲ್ಲದ ಬರಿಯ ಹಿಡಿ ಮತ್ತು ಕೇಬಲು ಸುಮಾರು 7 ಕಿಲೋ ಕೇಳುತ್ತಿದ್ದವು. ಹತ್ತು ನಿಮಿಷದ ಈ ಪರೀಕ್ಷೆ ಬಿಗಿತ ಎಲ್ಲಿದೆ ಎಂಬುದನ್ನು ಗೇರ್ ಬಾಕ್ಸ್ ಮುಟ್ಟದೆಯೇ ಹೇಳಿಬಿಟ್ಟಿತು. ಲಿವರೇ ಬಿಗಿಯಾಗಿದ್ದಿದ್ದರೆ ದೋಷ ಲಿವರಿನಿಂದ ಗೇರ್ ಬಾಕ್ಸಿಗೆ ಇಳಿಯುವ ಶಿಫ್ಟ್ ರಾಡಿನಲ್ಲಿ, ಅದರ ಬುಷ್ಷಿನಲ್ಲಿ ಅಥವಾ ಗೇರ್ ಬಾಕ್ಸಿನೊಳಗೆ ಎಂದು ಹುಡುಕಬೇಕಾಗಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಹಳೆಯ ಕೇಬಲಿಗೆ ಎಣ್ಣೆ. ಕೇಬಲನ್ನು ಪೂರ್ತಿ ಬಿಚ್ಚಿ, ಮೇಲಿನ ತುದಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ಕಟ್ಟಿ, ತೆಳು ಎಣ್ಣೆಯನ್ನು ರಾತ್ರಿಯಿಡೀ ಇಳಿಬಿಟ್ಟೆ. ಬೆಳಗ್ಗೆ ಕೆಳತುದಿಯಿಂದ ಕಾಫಿಯ ಗಸಿಯಂಥ ಕಂದು ನೀರು ಹನಿದಿತ್ತು. ಎಳೆತ 9ರಿಂದ 6 ಕಿಲೋಗೆ ಇಳಿಯಿತು. ನನಗೆ ಬಹಳ ಸಂತೋಷವಾಯಿತು. ಮೂರು ವಾರ ಕಳೆಯುವಷ್ಟರಲ್ಲಿ ಅದು ಮತ್ತೆ 9ಕ್ಕೇ ಬಂದು ನಿಂತಿತು. ಈ ಕೇಬಲ್‌ಗಳು ಸೈಕಲಿನ ಬ್ರೇಕ್ ವಯರಿನಂತಲ್ಲ: ಅವು ಎಳೆಯುವುದರ ಜೊತೆಗೆ ತಳ್ಳಲೂ ಬೇಕಾದವು, ಎರಡೂ ತುದಿಗಳಲ್ಲಿ ಸೀಲ್ ಇದ್ದು ಒಳಗೆ ಎಣ್ಣೆ ಹಾಕಲೆಂದು ಮಾಡಿದವಲ್ಲ. ತುದಿಯ ಸೀಲ್ ಹೋದ ಮೇಲೆ ಉಪ್ಪುನೀರು ಒಳಹೊಕ್ಕು ತಂತಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ತಂತಿ ಒಳಕೊಳವೆಯನ್ನು ಗೀರುತ್ತದೆ. ಎಣ್ಣೆ ಆ ಗೀರನ್ನು ಮುಚ್ಚಲಾರದು. ಕಡಲಿನಲ್ಲಿ ಇದ್ದಕ್ಕಿದ್ದಂತೆ ಬಿಗಿಯಾದರೆ ದಡ ಸೇರಲು ಈ ಉಪಾಯ ಸಾಕು. ಅದಕ್ಕಿಂತ ಹೆಚ್ಚು ನಂಬಬಾರದು.

ಎರಡನೆಯದು ಕೇಬಲಿನ ಹೊಂದಾಣಿಕೆ. ಬಿಗಿತದ ಜೊತೆಗೆ ಇನ್ನೊಂದು ತೊಂದರೆಯೂ ಇತ್ತು: ಮುಂದಿನ ಗೇರು ತಡವಾಗಿ ಕೂರುತ್ತಿತ್ತು, ಕೂರುವ ಮೊದಲು ಕರಕರ ಸದ್ದು ಬರುತ್ತಿತ್ತು. ಹಿಡಿಯನ್ನು ನ್ಯೂಟ್ರಲಿನಲ್ಲಿಟ್ಟು, ಇಂಜಿನಿನ ಲಿವರನ್ನೂ ನ್ಯೂಟ್ರಲಿನಲ್ಲಿಟ್ಟು, ಕೇಬಲಿನ ತುದಿಯ ಜಾಯಿಂಟಿನ ತೂತು ಲಿವರಿನ ಪಿನ್ನಿಗೆ ತಾನಾಗಿ ಸರಿಹೊಂದುವವರೆಗೆ ಅದನ್ನು ತಿರುಗಿಸುವುದು ಕ್ರಮ. ಯಮಾಹಾ ಇಂಜಿನುಗಳ ಕೈಪಿಡಿಯಲ್ಲಿ ಈ ಜಾಯಿಂಟು ಕೇಬಲಿನ ತುದಿಯ ಸ್ಕ್ರೂ ಮರೆಗೆ (ಸುತ್ತುಗಳಿಗೆ) ಕನಿಷ್ಠ 8 ಮಿಲಿಮೀಟರಾದರೂ ಹೊಕ್ಕಿರಬೇಕು ಎಂದಿದೆ. ಅದಕ್ಕಿಂತ ಕಡಿಮೆ ಇದ್ದರೆ ಅಲುಗಾಟಕ್ಕೆ ಕಳಚಿ ಗೇರೇ ಇಲ್ಲದಂತಾಗಬಹುದು. ನಾನು ಮೂರು ಸುತ್ತು ತಿರುಗಿಸಿ ಮುಂದಿನ ಗೇರು ಚೆನ್ನಾಗಿ ಕೂರುವಂತೆ ಮಾಡಿದೆ. ಮರುದಿನ ರಿವರ್ಸ್ ಹಿಡಿಯಲಿಲ್ಲ. ಒಂದೂವರೆ ಸುತ್ತು ಹಿಂದಕ್ಕೆ ತಂದರೆ ಎರಡೂ ಅರೆಬರೆ. ಕಾರಣ ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಸವೆದ ಕೇಬಲಿನಲ್ಲಿ ಹಿಡಿ ಚಲಿಸಿದರೂ ತುದಿ ಚಲಿಸದಿರುವ ಒಂದು ಸಡಿಲ ಇರುತ್ತದೆ. ಆ ಸಡಿಲ ಮುಂದಕ್ಕೂ ಹಿಂದಕ್ಕೂ ಸಮವಾಗಿ ತಿನ್ನುತ್ತದೆ. ಹೊಂದಾಣಿಕೆಯಿಂದ ನಡುಬಿಂದು ಸರಿಯುತ್ತದೆಯೇ ಹೊರತು ಸಡಿಲ ಕಡಿಮೆಯಾಗುವುದಿಲ್ಲ. ಮುಂದಿನದಕ್ಕೆ ಕೊಟ್ಟಷ್ಟನ್ನು ಹಿಂದಿನದರಿಂದ ಕಿತ್ತುಕೊಂಡಂತೆ. ಒಳ್ಳೆಯ ಕೇಬಲಿನ ಮೇಲೆ ಹೊಂದಾಣಿಕೆ ಅತ್ಯುತ್ತಮ ಪರಿಹಾರ, ಸವೆದ ಕೇಬಲಿನ ಮೇಲೆ ಅದು ರೋಗವನ್ನು ಮರೆಮಾಡುತ್ತದೆ. ನನ್ನ ಅನುಭವದಲ್ಲಿ ಎಲ್ಲ ಉಪಾಯಗಳಲ್ಲಿ ಹೆಚ್ಚು ಹಾನಿ ಮಾಡಿದ್ದು ಇದೇ. ಏಕೆ ಎಂಬುದು ಮುಂದೆ ಬರುತ್ತದೆ.

ಮಂಗಳೂರಿನ ಬಂದರಿನಿಂದ ಹೊಸ ಕೇಬಲ್ ತಂದು ಹಾಕಿದ ದಿನ ತಕ್ಕಡಿ 3 ಕಿಲೋ ತೋರಿಸಿತು. ಒಂದು ವರ್ಷದ ಮೇಲೆ ಅಳೆದಾಗ ಮೂರೂವರೆ. ಉದ್ದವನ್ನು ಹಳೆಯದಕ್ಕೆ ಸರಿಯಾಗಿ ತೆಗೆದುಕೊಳ್ಳುವ ಬದಲು ಒಂದು ಅಡಿ ಹೆಚ್ಚು ತಂದದ್ದು ಒಳ್ಳೆಯದಾಯಿತು. ಮೊದಲಿನ ಕೇಬಲು ಮೀನಿನ ಪೆಟ್ಟಿಗೆಯ ಮೂಲೆಯಲ್ಲಿ ಮೊಣಕೈಯಂತೆ ಮಡಚಿ ಹೋಗುತ್ತಿತ್ತು, ಹೊಸದನ್ನು ಎಲ್ಲಿಯೂ 8 ಇಂಚಿಗಿಂತ ಸಣ್ಣ ತ್ರಿಜ್ಯದ ತಿರುವು ಬಾರದ ಹಾಗೆ ಪೆಟ್ಟಿಗೆಯ ಹೊರಗಿನಿಂದ ಸುತ್ತಿಸಿದೆ. ಹಳೆಯದನ್ನು ಕುತೂಹಲದಿಂದ ಆ ಮೂಲೆಯ ಜಾಗದಲ್ಲೇ ಗರಗಸದಿಂದ ಕೊಯ್ದು ನೋಡಿದೆ. ಹೊರಕವಚದಲ್ಲಿ ಉಗುರಿನ ಅಂಚಿನಷ್ಟು ಬಿರುಕು, ಅದರ ಕೆಳಗೆ ಬೆರಳುದ್ದಕ್ಕೆ ತಂತಿಯ ಮೇಲೆ ಪದರ ಪದರವಾಗಿ ಎದ್ದ ತುಕ್ಕು. ಅದರ ಎರಡೂ ಬದಿಗೆ ತಂತಿ ಹೊಸದರಂತೆ ಹೊಳೆಯುತ್ತಿತ್ತು. ಆ ಒಂದು ಬೆರಳಿನಷ್ಟು ಜಾಗ ನನ್ನ ದೋಣಿಯನ್ನು ತೆರೆಗೆ ಅಡ್ಡ ಹಾಕಿತ್ತು.

ಕೇಬಲೇ ಬೇಡ ಎನ್ನುವವರೂ ಇದ್ದಾರೆ. ಸಣ್ಣ ದೋಣಿಯಲ್ಲಿ ಟಿಲ್ಲರ್, ಅಂದರೆ ಇಂಜಿನಿಗೇ ಜೋಡಿಸಿದ ಚುಕ್ಕಾಣಿಯ ಹಿಡಿ, ಹಿಡಿದು ಕೂತಾಗ ಗೇರಿನ ಲಿವರ್ ಕೈಗೆಟಕುವಲ್ಲೇ ಇರುತ್ತದೆ, ಲಿವರಿನಿಂದ ಶಿಫ್ಟ್ ರಾಡಿಗೆ ನೇರ ಕೊಂಡಿ. ಸವೆಯಲು, ತುಕ್ಕು ಹಿಡಿಯಲು ನಡುವೆ ಏನೂ ಇಲ್ಲ. ಎಳೆತ ವರ್ಷಗಳಿಂದ 2 ಕಿಲೋದ ಆಸುಪಾಸಿನಲ್ಲೇ ಇದೆ. ಗೇರು ಕೂತಿತೋ ಇಲ್ಲವೋ ಎಂಬುದು ಅಂಗೈಗೆ ತಿಳಿಯುತ್ತದೆ, ಕಂಟ್ರೋಲ್ ಬಾಕ್ಸಿನಲ್ಲಿ ಆ ಸ್ಪರ್ಶವೇ ಸಿಗುವುದಿಲ್ಲ. ಆದರೆ 40 ಅಶ್ವಶಕ್ತಿಯ ಇಂಜಿನನ್ನು ಅಳಿವೆಯ ತೆರೆಯಲ್ಲಿ ಟಿಲ್ಲರಿನಿಂದ ಹಿಡಿದಿಡಲು ತೋಳಿನಲ್ಲಿ ಕಸುವು ಬೇಕು, ಹಿಂದೆ ಕೂತವನಿಗೆ ಮುಂದಿನ ದಿಣ್ಣೆಯೂ ಕಾಣುವುದಿಲ್ಲ. ನೆರೆಯ ಒಬ್ಬರ ದೋಣಿಯಲ್ಲಿ ಎರಡು ದಿನ ಹಾಗೆ ಹೋಗಿ ಬಂದ ಮೇಲೆ ನಾನು ದೊಡ್ಡ ದೋಣಿಗೆ ಆ ಬದಲಾವಣೆ ಮಾಡುವ ಆಲೋಚನೆಯನ್ನು ಬಿಟ್ಟೆ. ಟಿಲ್ಲರಿನ ಇಂಜಿನುಗಳಲ್ಲಿ ಒಂದನ್ನು ಮಾತ್ರ ಆಗಾಗ ನೋಡಬೇಕು: ರಿವರ್ಸ್ ಹಾಕಿದಾಗ ಇಂಜಿನು ನೀರಿನಿಂದ ಮೇಲೆದ್ದರೆ ಗೇರಿನ ದೋಷವೆಂದು ತಿಳಿಯಬಾರದು, ರಿವರ್ಸಿನಲ್ಲಿ ಇಂಜಿನನ್ನು ಕೆಳಗೆ ಹಿಡಿದಿಡುವ ಕೊಕ್ಕೆ ಉಪ್ಪು ಕಟ್ಟಿ ನಿಂತಿರುತ್ತದೆ.

ಇನ್ನು ಗೇರ್ ಬಾಕ್ಸ್. ಹೊಸ ಕೇಬಲ್ ಹಾಕಿ ಮೂರು ತಿಂಗಳಿಗೆ, ಬಲೆ ತುಂಬಿ ಭಾರವಾಗಿದ್ದಾಗ ಮುಂದಿನ ಗೇರು ತಾನೇ ಹಾರಿ ಬೀಳತೊಡಗಿತು. ಇಂಜಿನಿನ ಸದ್ದು ಏರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಇದೇ ಲಕ್ಷಣ ಪ್ರೊಪೆಲ್ಲರಿನ ನಡುವಿನ ರಬ್ಬರ್ ಬುಷ್ ಜಾರಿದಾಗಲೂ ಕಾಣುವುದರಿಂದ ಮೊದಲು ಆ ಸಾಧ್ಯತೆಯನ್ನು ಪರೀಕ್ಷಿಸಿದೆ: ಬುಷ್ಷಿನ ಒಳಕೊಳವೆಯಿಂದ ಹೊರಗಿನ ಲೋಹದವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು, ಹೊಳೆಯಲ್ಲಿ ಭಾರ ಹಾಕಿ ಓಡಿಸಿ ಬಂದು ನೋಡಿದರೆ ಗೆರೆ ಮುರಿಯದೆ ಹಾಗೆಯೇ ಇತ್ತು. ಗೆರೆ ಎರಡಾಗಿ ಸರಿದಿದ್ದರೆ ಪ್ರೊಪೆಲ್ಲರ್ ಬದಲಿಸಿದರೆ ಮುಗಿಯುತ್ತಿತ್ತು. ಆಮೇಲೆ ಗೇರ್ ಎಣ್ಣೆಯನ್ನು ಕೆಳಗಿನ ಸ್ಕ್ರೂ ತೆಗೆದು ಬಿಳಿ ಬಟ್ಟಲಿಗೆ ಇಳಿಸಿದೆ. ಹಾಲಿನಂತೆ ಬಿಳಿಯಾಗಿರಲಿಲ್ಲ, ಅಂದರೆ ಸೀಲಿನಿಂದ ನೀರು ಹೊಕ್ಕಿರಲಿಲ್ಲ. ಬಟ್ಟಲನ್ನು ಬಿಸಿಲಿಗೆ ಓರೆ ಮಾಡಿದಾಗ ತಳದಲ್ಲಿ ಬೂತಾಯಿಯ ಹುರುಪೆಯಂಥ ಸಣ್ಣ ಮಿನುಗು ಕಂಡಿತು. ಅದು ಹಲ್ಲಿನ ಲೋಹ.

ಬಿಚ್ಚಿದಾಗ ಡಾಗ್ ಕ್ಲಚ್ಚಿನ ಮುಂಬದಿಯ ಹಲ್ಲುಗಳ ಅಂಚು ತಿಕ್ಕಿ ಸವೆದ ಸೋಪಿನಂತೆ ದುಂಡಾಗಿತ್ತು. ಅಂಚು ಚೂಪಾಗಿದ್ದರೆ ಭಾರ ಹೆಚ್ಚಿದಷ್ಟೂ ಹಲ್ಲು ಹಲ್ಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ದುಂಡಾದ ಮೇಲೆ ಭಾರವೇ ಅದನ್ನು ಹೊರಕ್ಕೆ ತಳ್ಳುತ್ತದೆ. ಹಣ ಉಳಿಸಲೆಂದು ಮೊದಲು ಲೇತಿನವರಲ್ಲಿ ಆ ಅಂಚುಗಳನ್ನು ಉಜ್ಜಿಸಿ ನೇರ ಮಾಡಿಸಿದೆ. 18 ದಿನ ನಡೆಯಿತು, ಮತ್ತೆ ಹಾರಿತು. ಹಲ್ಲಿನ ಹೊರಮೈಯನ್ನು ಮಾತ್ರ ಬಿಸಿ ಕೊಟ್ಟು ಗಡುಸು ಮಾಡಿರುವುದರಿಂದ, ಉಜ್ಜಿದಾಗ ಆ ಗಡಸು ಪದರವೇ ಹೋಗಿ ಮೆದು ಕಬ್ಬಿಣ ಹೊರಗೆ ಬಂದಿತ್ತು. ಎರಡನೆಯ ಬಾರಿ ಹೊಸ ಕ್ಲಚ್ ಮತ್ತು ಅದಕ್ಕೆ ಜೊತೆಯಾದ ಮುಂದಿನ ಗೇರು, ಎರಡನ್ನೂ ಒಟ್ಟಿಗೆ ಬದಲಿಸಿದೆ. ಹೊಸ ಕ್ಲಚ್ಚನ್ನು ಸವೆದ ಗೇರಿಗೆ ಜೋಡಿಸಿದರೆ ಸವೆದದ್ದು ಹೊಸದನ್ನೂ ತಿನ್ನುತ್ತದೆ ಎಂದು ಮೇಸ್ತ್ರಿ ಹಟ ಹಿಡಿದದ್ದು ಸರಿ. ಕೇಬಲಿಗೆ ಕೊಟ್ಟದ್ದರ ಐದು ಪಟ್ಟಿಗಿಂತ ಹೆಚ್ಚು ಇದಕ್ಕೆ ಖರ್ಚಾಯಿತು. ಅದರಿಂದ ಈಚೆಗೆ ಒಮ್ಮೆಯೂ ಹಾರಿಲ್ಲ.

ಹಲ್ಲು ದುಂಡಾದದ್ದು ಯಾವಾಗ ಎಂದು ನಾನು ಬಹಳ ಯೋಚಿಸಿದ್ದೇನೆ. ಸವೆದ ಕೇಬಲನ್ನು ಹೊಂದಾಣಿಕೆಯಿಂದಲೇ ದಾಟಿಸುತ್ತಿದ್ದ ಆ ತಿಂಗಳುಗಳಲ್ಲಿ ಕ್ಲಚ್ ಪೂರ್ತಿ ಒಳಗೆ ಕೂರದೆ, ಹಲ್ಲಿನ ತುದಿಯಿಂದಲೇ ದೋಣಿಯ ಭಾರವನ್ನೆಲ್ಲ ಹೊತ್ತಿತ್ತು. ಅದರ ಮೇಲೆ ನನ್ನ ಅಭ್ಯಾಸವೂ ಸೇರಿತ್ತು: ಇಂಜಿನಿಗೆ ನೋವಾಗಬಾರದೆಂದು ಹಿಡಿಯನ್ನು ನಿಧಾನವಾಗಿ, ನಯವಾಗಿ ಸರಿಸುತ್ತಿದ್ದೆ. ತಿರುಗುವ ಹಲ್ಲಿಗೆ ಕ್ಲಚ್ಚಿನ ಹಲ್ಲನ್ನು ಮೆಲ್ಲನೆ ತಾಗಿಸಿದರೆ ಅದು ಕೂರುವ ಮೊದಲು ಹತ್ತಾರು ಬಾರಿ ಅಂಚಿಗೆ ಅಂಚು ಬಡಿಯುತ್ತದೆ. ಮೇಸ್ತ್ರಿ ಹೇಳಿದ್ದು ನೆನಪಿದೆ: “ಬೆಣ್ಣೆ ಹಚ್ಚಿದ ಹಾಗೆ ಬೇಡ, ಪುಳ್ಳೆ ಮುರಿದ ಹಾಗೆ ಒಂದೇ ಏಟಿಗೆ ಹಾಕಿ.” ಇಂಜಿನಿನ ವೇಗವನ್ನು ಪೂರ್ತಿ ಇಳಿಸಿ, ಒಂದು ಕ್ಷಣ ನಿಂತು, ಒಂದೇ ಸಲಕ್ಕೆ ಗೇರು ಹಾಕಬೇಕು. ಐಡಲ್ ವೇಗವೇ (ಹಿಡಿ ಪೂರ್ತಿ ಇಳಿಸಿದಾಗ ಇಂಜಿನು ತಿರುಗುವ ವೇಗ) ಹೆಚ್ಚಾಗಿದ್ದರೆ ಹೀಗೆ ಹಾಕಿದರೂ ಪೆಟ್ಟು ಜೋರಾಗಿರುತ್ತದೆ. ಆಗ ಮೊದಲು ಕಾರ್ಬುರೇಟರಿನ ಐಡಲ್ ಸ್ಕ್ರೂವನ್ನು ಸರಿಪಡಿಸಬೇಕು.

ಈಗ ಗೇರ್ ಎಣ್ಣೆಯನ್ನು 100 ಗಂಟೆಗೊಮ್ಮೆ ತಪ್ಪದೆ ಬದಲಿಸುತ್ತೇನೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬಂದ ಮೇಲೆ ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ಹೊಸ ವಾಷರ್ ಹಾಕಿ ಮುಚ್ಚುತ್ತೇನೆ. ಮೇ ತಿಂಗಳ ಕೊನೆಯಲ್ಲಿ, ನಿಷೇಧ ಆರಂಭವಾಗುವ ಮೊದಲು, ಕೇಬಲಿನ ತುದಿ ಕಳಚಿ ಮೂರೂ ಕಡೆ ತಕ್ಕಡಿ ಹಾಕಿ, ಬಂದ ಅಳತೆಯನ್ನು ಕಂಟ್ರೋಲ್ ಬಾಕ್ಸಿನ ಒಳಮೈಯಲ್ಲಿ ಪೆನ್ನಿನಿಂದ ಬರೆದಿಡುತ್ತೇನೆ. ಬರಿಯ ಕೇಬಲಿನ ಎಳೆತ 4 ಕಿಲೋ ದಾಟಿದ ವರ್ಷ, ಅದು ಇನ್ನೂ ಕೆಲಸ ಮಾಡುತ್ತಿದ್ದರೂ, ಹೊಸದನ್ನು ತರಲು ಮಂಗಳೂರಿಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ.