ಬಾಲಿ ಸ್ವರಗಳಿಗೆ ಹೈ-ಜಿ ತಂತಿಯೇ ಬೇಕು: ಅಕ್ವಿಲಾ ನೈಲ್‌ಗಟ್ ಕಾನ್ಸರ್ಟ್ ಯುಕುಲೇಲೆ ತಂತಿ ಸೆಟ್

ಸ್ಕೇಲ್ ಪುಸ್ತಕಗಳು ‘ಬಾಲಿನೀಸ್’ ಎಂದು ಕರೆಯುವ ಐದು ಸ್ವರಗಳು ನಮ್ಮ ಕಿವಿಗೆ ಹೊಸದಲ್ಲ. ಷಡ್ಜ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಪಂಚಮ, ಶುದ್ಧ ಧೈವತ, ಅಂದರೆ ಭೂಪಾಳದ ಸ್ವರಗಳೇ. ಬಾಲಿಯ ವಾದ್ಯಮೇಳವಾದ ಗಮೆಲಾನ್‌ನಲ್ಲಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸುವ ಪದ್ಧತಿಯಿಲ್ಲ. ಪೆಲೊಗ್ ಎಂಬ ಅಲ್ಲಿನ ಶ್ರುತಿ ಪದ್ಧತಿಯ ಅಂತರಗಳೂ ಒಂದು ವಾದ್ಯಮೇಳದಿಂದ ಇನ್ನೊಂದಕ್ಕೆ ಬೇರೆಯಾಗುತ್ತವೆ. ನಾಲ್ಕು ತಂತಿಯ ಪುಟ್ಟ ವಾದ್ಯ ಯುಕುಲೇಲೆಯ ಫ್ರೆಟ್ (ಕತ್ತಿನ ಅಡ್ಡಪಟ್ಟಿ) ಮೇಲೆ ಸಿಗುವುದು ಅದಕ್ಕೆ ಹತ್ತಿರದ ರೂಪ ಅಷ್ಟೇ. ಆದರೂ ಅದು ಚೆಂದ ಕೇಳಿಸುತ್ತದೆ, ಸರಿಯಾದ ತಂತಿ ಹಾಕಿದ್ದರೆ.

ಅಕ್ವಿಲಾ ಇಟಲಿಯ ಕಂಪನಿ. ಅದರ ನೈಲ್‌ಗಟ್ ಕೃತಕ ತಂತಿಯಾದರೂ ಸಾಂದ್ರತೆಯಲ್ಲಿ ಹಳೆಯ ಕಾಲದ ಕರುಳಿನ ತಂತಿಗೆ ಸಮೀಪ. ಮಾಮೂಲಿ ನೈಲಾನಿಗಿಂತ ಸಾಂದ್ರತೆ ಹೆಚ್ಚಾದ್ದರಿಂದ ಅದೇ ಶ್ರುತಿಗೆ ತೆಳ್ಳಗಿನ ತಂತಿ ಸಾಕು, ನಾದವೂ ಬಿಡಿಬಿಡಿಯಾಗಿ ಕೇಳುತ್ತದೆ. ಅಕ್ಕಪಕ್ಕದ ಸ್ವರಗಳು ಒಟ್ಟಿಗೆ ಮೊಳಗುವ ಈ ಸ್ಕೇಲಿಗೆ ಆ ಗುಣ ಬಹಳ ಮುಖ್ಯ. ಮಂಕು ನಾದದ ತಂತಿಯಲ್ಲಿ ಎರಡೂ ಸ್ವರ ಕಲಸಿಹೋಗುತ್ತವೆ.

ಯುಕುಲೇಲೆಯ ನಾಲ್ಕು ತಂತಿಗಳ ಜಿ-ಸಿ-ಇ-ಎ ಶ್ರುತಿಯಲ್ಲಿ ಇ ಸ್ವರವನ್ನು ಷಡ್ಜ ಮಾಡಿಕೊಳ್ಳುವುದು ಅತಿ ಸುಲಭ. ಇ, ಎಫ್, ಜಿ, ಬಿ, ಸಿ ಬರುತ್ತವೆ, ನಾಲ್ಕರಲ್ಲಿ ಮೂರು ತಂತಿಗಳನ್ನು ಒತ್ತದೆಯೇ ನುಡಿಸಬಹುದು. ಬಿಟ್ಟ ಎ ತಂತಿ ಮಾತ್ರ ಸ್ಕೇಲಿನ ಹೊರಗೆ. ಅದನ್ನು ಯಾವಾಗಲೂ 2 ಅಥವಾ 3ನೇ ಫ್ರೆಟ್‌ನಲ್ಲಿ ಒತ್ತಿಯೇ ಇರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಕಾರ್ಡ್ ಬದಲಿಸುವಾಗ ಬೆರಳು ಎದ್ದು ಎ ಮೊಳಗಿದರೆ ಬಾಲಿಯ ಬಣ್ಣ ತಕ್ಷಣ ಹೋಗಿಬಿಡುತ್ತದೆ.

ಮುಂದಿನ ಒಂದೊಂದು ಅಂಕಿಯೂ ಒಂದೊಂದು ತಂತಿಯಲ್ಲಿ ಒತ್ತಬೇಕಾದ ಫ್ರೆಟ್, 0 ಎಂದರೆ ಬಿಟ್ಟ ತಂತಿ. ಜಿ ತಂತಿಯಿಂದ ಎಣಿಸಿದರೆ 0402 ಮನೆ ಕಾರ್ಡ್, ಅಂದರೆ ಇ ಮೈನರ್. ಅಲ್ಲಿಂದ 0013, ಆಮೇಲೆ 0012, ಆಮೇಲೆ 0002. ಒಂದೊಂದಕ್ಕೆ ನಾಲ್ಕು ಎಣಿಕೆ. 0013ರಿಂದ 0012ಕ್ಕೆ ಹೋಗುವಾಗ ತೋರುಬೆರಳು ಇ ತಂತಿಯ ಮೊದಲ ಫ್ರೆಟ್ ಬಿಡುವುದೇ ಇಲ್ಲ. ಎ ತಂತಿಯ ಮೇಲೆ ಉಂಗುರಬೆರಳಿನ ಜಾಗಕ್ಕೆ ನಡುಬೆರಳು ಒಂದು ಫ್ರೆಟ್ ಹಿಂದೆ ಬಂದರಾಯಿತು. ಕೈ ಪಳಗಿದ ಮೇಲೆ 0412 ಹಿಡಿಯಿರಿ. ಸಿ ತಂತಿಯಲ್ಲಿ ಇ, ಪಕ್ಕದ ತಂತಿಯಲ್ಲಿ ಎಫ್, ಎರಡೂ ಒಂದೇ ಸ್ಥಾಯಿಯವು. ಲೋಹದ ಪಟ್ಟಿ ಬಡಿದಂಥ ಒರಟು ಝೇಂಕಾರ ಬರುತ್ತದೆ. 38 ಸೆಂ.ಮೀ. ತಂತಿಯುದ್ದದ ಕಾನ್ಸರ್ಟ್ ಗಾತ್ರದ ಯುಕುಲೇಲೆಯಲ್ಲಿ 1 ಮತ್ತು 4ನೇ ಫ್ರೆಟ್ ನಡುವೆ ಸುಮಾರು 5.7 ಸೆಂ.ಮೀ. ಅಂತರ, ಹಾಗಾಗಿ 4ನೇ ಫ್ರೆಟ್‌ಗೆ ಕಿರುಬೆರಳೇ ಸರಿ.

ಇನ್ನು ಜಿ ತಂತಿಯ ವಿಷಯ. ಬಾಲಿಯಲ್ಲಿ ವಾದ್ಯಗಳನ್ನು ಜೋಡಿಯಾಗಿ ಮಾಡಿ, ಒಂದರ ಶ್ರುತಿಯನ್ನು ಇನ್ನೊಂದಕ್ಕಿಂತ ಸ್ವಲ್ಪ ಮೇಲಿಡುತ್ತಾರೆ. ಒಂದೇ ಸ್ವರ ಎರಡರಲ್ಲೂ ಬಡಿದಾಗ ನಾದ ತುಯ್ಯುತ್ತದೆ, ಅದಕ್ಕೆ ಓಂಬಾಕ್ ಎನ್ನುತ್ತಾರೆ. ಜಿ ತಂತಿಯನ್ನು ಮೇಲಿನ ಸ್ಥಾಯಿಯಲ್ಲಿಡುವ ಹೈ-ಜಿ ಸೆಟ್‌ನಲ್ಲಿ ಇದನ್ನು ತರಬಹುದು. ಬಿಟ್ಟ ಜಿ ತಂತಿ 392 ಹರ್ಟ್ಸ್, ಸಿ ತಂತಿಯ 7ನೇ ಫ್ರೆಟ್ ಕೂಡ ಅದೇ. ಟ್ಯೂನರ್ ನೋಡಿಕೊಂಡು ಜಿ ತಂತಿಯನ್ನು 15 ಸೆಂಟ್ (ಅಕ್ಕಪಕ್ಕದ ಫ್ರೆಟ್‌ಗಳ ಸ್ವರಾಂತರದ ನೂರನೇ ಒಂದು ಭಾಗವೇ ಒಂದು ಸೆಂಟ್) ಏರಿಸಿದರೆ ಸೆಕೆಂಡಿಗೆ ಮೂರಕ್ಕೂ ಹೆಚ್ಚು ತುಯ್ತ, 30 ಸೆಂಟ್ ಏರಿಸಿದರೆ ಸುಮಾರು ಏಳು. ಬೇರೆ ವಾದ್ಯದ ಜೊತೆ ನುಡಿಸುವುದಿದ್ದರೆ 15 ದಾಟಬೇಡಿ, ಏಕೆಂದರೆ ಮೇಲಿನ ಎಲ್ಲ ಕಾರ್ಡ್‌ಗಳಲ್ಲೂ ಜಿ ತಂತಿ ಬಿಟ್ಟೇ ಇರುತ್ತದೆ. ಲೋ-ಜಿ ಸೆಟ್ ಹಾಕಿದರೆ ಆ ತಂತಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ: ಜೋಡಿ ಸ್ವರ ಕೈತಪ್ಪುತ್ತದೆ, 0402 ಗಿಟಾರಿನ ಹಾಗೆ ತೂಕವಾಗುತ್ತದೆ. ಬೇರೆ ಸಂಗೀತಕ್ಕೆ ಲೋ-ಜಿ ಒಳ್ಳೆಯದೇ, ಇದಕ್ಕೆ ಖಂಡಿತ ಬೇಡ.

ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಪದೇಪದೇ ಶ್ರುತಿ ಮಾಡಬೇಕು. 12ನೇ ಫ್ರೆಟ್ ಹತ್ತಿರ ಬೆರಳಲ್ಲಿ ಮೆಲ್ಲಗೆ ಎಳೆದು ಬಿಟ್ಟರೆ ಬೇಗ ನಿಲ್ಲುತ್ತದೆ. ತಿರುಗಿಸುವಾಗ ‘ಟಿಕ್’ ಎಂದು ಶ್ರುತಿ ಹಾರಿದರೆ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಆ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ.

ಎಷ್ಟು ಒಳ್ಳೆಯ ತಂತಿಯೂ ಎತ್ತರದ ನಟ್ ಮುಂದೆ ಸೋಲುತ್ತದೆ. ನಟ್ ಎತ್ತರವಿದ್ದರೆ ಮೊದಲ ಫ್ರೆಟ್ ಒತ್ತಿದಾಗ ತಂತಿ ಹೆಚ್ಚು ಎಳೆದುಕೊಂಡು ಎಫ್ ಏರುತ್ತದೆ. ಈ ಸ್ಕೇಲಿನ ಜೀವವೇ ಇ-ಎಫ್ ನಡುವಿನ ಆ ಸಣ್ಣ ಅಂತರ. 3ನೇ ಫ್ರೆಟ್‌ನಲ್ಲಿ ತಂತಿ ಒತ್ತಿ, ಮೊದಲ ಫ್ರೆಟ್ ಮೇಲೆ ಎಷ್ಟು ಸಂದಿ ಇದೆ ನೋಡಿ. ಒಂದು ಹಾಳೆ ತೂರುವಷ್ಟಿದ್ದರೆ ಸಾಕು. ಹೆಚ್ಚಿದ್ದರೆ ಬೆಂಗಳೂರಿನ ಬಳೇಪೇಟೆಯ ವಾದ್ಯದಂಗಡಿಗಳಲ್ಲಿ ರಿಪೇರಿ ಮಾಡುವವರನ್ನು ವಿಚಾರಿಸಿ ಅರದಿಂದ ತಗ್ಗಿಸಿಕೊಳ್ಳಿ, ಸ್ವಲ್ಪಸ್ವಲ್ಪವೇ ಉಜ್ಜಲು ಹೇಳಿ. ಹೆಚ್ಚು ಉಜ್ಜಿದರೆ ಬಿಟ್ಟ ತಂತಿ ಫ್ರೆಟ್‌ಗೆ ತಾಗಿ ಗುರ್ ಎನ್ನುತ್ತದೆ, ಆಗ ಹೊಸ ನಟ್ಟೇ ಗತಿ. ಸೆಟ್ ಕೊಳ್ಳುವಾಗ ಪೊಟ್ಟಣದ ಮೇಲೆ ‘ಕಾನ್ಸರ್ಟ್’ ಎಂದಷ್ಟೇ ನೋಡಿ ತರಬೇಡಿ, ಹೈ-ಜಿಯೋ ಲೋ-ಜಿಯೋ ಓದಿ ಖಚಿತ ಮಾಡಿಕೊಳ್ಳಿ.